‘ಕೈ ಉಳುಕಿದೆ’ ಎಂದರೆ ಏನು ಬರೆದುಕೊಳ್ಳುತ್ತೀರಿ?

ದಾವಣಗೆರೆಯಲ್ಲಿ ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ಮೂಳೆ, ಕೀಲು, ಸ್ನಾಯುಗಳ ಬಗ್ಗೆ ಅವರಿಗೆ ಎಷ್ಟು ತಿಳಿದಿದೆ ಎಂದು ಅಳೆಯಲು ನಾನು ಮೊದಲು ಬಳಸಿದ್ದು ಅಮೆರಿಕದ ಫ್ರೀಡ್‌ಮನ್ ಮತ್ತು ಬರ್ನ್‌ಸ್ಟೀನ್ 1998ರಲ್ಲಿ ಪ್ರಕಟಿಸಿದ 25 ಪ್ರಶ್ನೆಗಳ ಪರೀಕ್ಷೆಯನ್ನು. ಅಲ್ಲಿ ಅದನ್ನು ಬರೆದ 85 ಕಿರಿಯ ವೈದ್ಯರಲ್ಲಿ 70 ಮಂದಿ ತೇರ್ಗಡೆಯಾಗಿರಲಿಲ್ಲ. ಆರಿಸಿಕೊಳ್ಳಲು ಸಿದ್ಧ ಉತ್ತರಗಳಿಲ್ಲ, ತಾವೇ ಬರೆಯಬೇಕು. ನನಗೆ ಹಿಡಿಸಿದ್ದು ಅದೇ.

ನನ್ನ ವಿದ್ಯಾರ್ಥಿಗಳು ಚೆನ್ನಾಗಿಯೇ ಬರೆದರು. ನಾನು ಹಿಗ್ಗಿದೆ.

ಅದೇ ವಾರ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಹೊರರೋಗಿ ವಿಭಾಗಕ್ಕೆ ಬಂದರು. “ಜಾರಿ ಕೈ ಊರಿ ಬಿದ್ದೆನಮ್ಮ, ಉಳುಕಿದೆ” ಎಂದರು. ಮಣಿಕಟ್ಟಿನಲ್ಲಿ ಹೆಬ್ಬೆರಳ ಬದಿಗಿರುವ ಸ್ಕೇಫಾಯ್ಡ್ ಮೂಳೆಯ ಮುರಿತದ ಪ್ರಶ್ನೆಗೆ ಪೂರ್ಣ ಅಂಕ ಪಡೆದಿದ್ದ ಹುಡುಗಿ ಕೇಸ್ ಹಾಳೆಯಲ್ಲಿ ‘ಉಳುಕು’ ಎಂದೇ ಬರೆದು ಬಿಸಿ ಶಾಖಕ್ಕೆ ಅಣಿಯಾದಳು. ಹೆಬ್ಬೆರಳ ಬುಡದ ಗುಳಿಯನ್ನು ಒತ್ತಿ ನೋಡಿರಲಿಲ್ಲ. ನಾನು ಒತ್ತಿದೆ, ಅವರು ಕೈ ಕಿತ್ತುಕೊಂಡರು. ಕೂಡಲೇ ಮೂಳೆ ತಜ್ಞರ ಬಳಿ ಕಳುಹಿಸಿದೆವು. ಈ ಮುರಿತ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆ ಪುಟ್ಟ ಮೂಳೆಗೆ ರಕ್ತ ಬಹುಪಾಲು ಬೆರಳುಗಳತ್ತ ಇರುವ ತನ್ನ ತುದಿಯಿಂದ ಹಿಂದಕ್ಕೆ ಹರಿಯುವುದರಿಂದ, ಮುರಿತವನ್ನು ಕಡೆಗಣಿಸಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು.

ಆ ಹುಡುಗಿಗೆ ತಿಳಿದಿತ್ತು. ರೋಗಿಯ ಮಾತಿನಲ್ಲಿ ಬಂದಾಗ ಗುರುತು ಸಿಗಲಿಲ್ಲ. ತಪ್ಪು ನನ್ನ ಪ್ರಶ್ನೆಯದು ಎಂದು ನಂಬಿ ಎಲ್ಲವನ್ನೂ ರೋಗಿಗಳ ಕನ್ನಡದಲ್ಲಿ ತಿದ್ದಿ ಬರೆದೆ. “ಸೊಂಟ ಹಿಡಿದು ಎರಡು ದಿನವಾಯಿತು, ಇಂದು ಬೆಳಗಿನಿಂದ ಮೂತ್ರ ಕಟ್ಟಿದೆ.” ಮುಂದೇನು ಕೇಳುತ್ತೀರಿ? ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶ ತಿಳಿಯುತ್ತಿದೆಯೇ ಎಂದು ಕೇಳಿ, ತಡಮಾಡದೆ ಶಸ್ತ್ರಚಿಕಿತ್ಸಕರಿಗೆ ಒಪ್ಪಿಸಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು. ಅನೇಕರು ಟ್ರ್ಯಾಕ್ಷನ್, ಅಂದರೆ ಸೊಂಟವನ್ನು ಎಳೆದು ಕೊಡುವ ಚಿಕಿತ್ಸೆ, ಎಂದು ಬರೆದರು. “ಪ್ಲಾಸ್ಟರ್ ಹಾಕಿದ ರಾತ್ರಿಯೇ ಕಾಲು ಸಿಡಿಯುತ್ತಿದೆ, ಬೆರಳು ಎತ್ತಿದರೆ ಜೀವ ಹೋಗುತ್ತದೆ” ಎಂಬುದಕ್ಕೆ ‘ನಾಡಿ ಸಿಗುತ್ತಿದೆ, ಭಯವಿಲ್ಲ’ ಎಂದವರಿದ್ದರು. ಸ್ನಾಯುಗಳನ್ನು ಸುತ್ತಿದ ಬಿಗಿ ಪೊರೆಯೊಳಗೆ ಒತ್ತಡ ಏರುವ ಈ ಸ್ಥಿತಿಯಲ್ಲಿ ನಾಡಿ ಕೊನೆಯವರೆಗೂ ಸಿಗಬಹುದು.

ಅಂಕದ ಲೆಕ್ಕವನ್ನೂ ಬದಲಿಸಿದೆ: ರೋಗದ ಹೆಸರಿಗೆ ಒಂದು, ಸರಿಯಾದ ಮುಂದಿನ ಪ್ರಶ್ನೆಗೆ ಎರಡು. ಅಪಾಯದಲ್ಲಿರುವವರನ್ನು ಮನೆಗೆ ಕಳುಹಿಸಿದರೆ ಸೊನ್ನೆ. ಇದನ್ನು ಸಡಿಲಿಸೆಂದು ವಿದ್ಯಾರ್ಥಿಗಳು ಎಷ್ಟು ಕೇಳಿದರೂ ಒಪ್ಪಲಿಲ್ಲ.

ಹೊರರಾಜ್ಯದ ಮಕ್ಕಳಿಗೆ ‘ಜೋಮು’, ‘ಚಳುಕು’, ‘ಸೆಳೆತ’ ಎಲ್ಲವೂ ಒಂದೇ ಎನಿಸುತ್ತವೆ. ಅವರನ್ನು ಊರಿನ ಮಕ್ಕಳ ಜೊತೆ ಕೂರಿಸಿ, ಪ್ರತಿ ಸೋಮವಾರ ಸರದಿಯಲ್ಲಿ ಕಾಯುವ ರೋಗಿಗಳ ಮಾತನ್ನು, ಅವರ ಒಪ್ಪಿಗೆ ಪಡೆದು, ಆಡಿದಂತೆಯೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳುತ್ತಿದ್ದೇನೆ. ಈ ವರ್ಷದ ಪ್ರಶ್ನೆಗಳು ಆ ಪುಸ್ತಕದಿಂದಲೇ ಬರುತ್ತವೆ.