ಸಾಸಿವೆ ದಿಂಬಿಗೆ ಬಗ್ಗದ ತಲೆ

“ನಾನೇ ಸರಿಯಾಗಿ ತಲೆ ತಿದ್ದಲಿಲ್ಲ ಡಾಕ್ಟರೇ” ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಏಳು ತಿಂಗಳ ಮೊಮ್ಮಗನ ತಲೆ ದೋಣಿಯಂತೆ ಉದ್ದವಾಗಿ, ಎರಡೂ ಪಕ್ಕ ಕಿರಿದಾಗಿತ್ತು. ನಡುನೆತ್ತಿಯ ಮೇಲೆ ಬೆರಳಾಡಿಸಿದೆ. ಗಟ್ಟಿ ಏಣು ತಾಗಿತು. ತಪ್ಪು ಅಜ್ಜಿಯ ಕೈಯದಲ್ಲ. ನೆತ್ತಿಯ ಎಡಬಲ ಮೂಳೆಗಳ ನಡುವಿನ ಸಂದು ಹೊಟ್ಟೆಯಲ್ಲಿದ್ದಾಗಲೇ ಬೆಸೆದುಕೊಂಡಿತ್ತು. ಹಾಗಾದಾಗ ತಲೆ ಅಗಲಕ್ಕೆ ಬೆಳೆಯಲಾರದೆ ಉದ್ದಕ್ಕೆ ಚಾಚುತ್ತದೆ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1851ರಲ್ಲೇ ಇದನ್ನು ವಿವರಿಸಿದ್ದ.

ಒಂದೇ ಕಡೆ ಮಲಗಿ ಚಪ್ಪಟೆಯಾದ ತಲೆಗೆ ಮಗ್ಗುಲು ಬದಲಿಸಿದರೆ ಬಹುಪಾಲು ಸಾಕು. ಬೆಸೆದ ಸಂದಿಗೆ ಸಾಸಿವೆ ದಿಂಬು ಏನೂ ಮಾಡದು. ಮೂರು ತಿಂಗಳಿಗೇ ಬಂದಿದ್ದರೆ ಎಂಡೋಸ್ಕೋಪ್ ಇಳಿಸಿ ಬೆಸೆದ ಪಟ್ಟಿಯನ್ನಷ್ಟೇ ತೆಗೆದು, ತಲೆಗೆ ಆಕಾರ ಕೊಡುವ ಹೆಲ್ಮೆಟ್ ತೊಡಿಸಬಹುದಿತ್ತು. ಈಗ ತಲೆ ತೆರೆಯಲೇಬೇಕು.

ಕಿವಿಯಿಂದ ಕಿವಿಗೆ ಅಂಕುಡೊಂಕಾಗಿ ಕೊಯ್ಯುತ್ತೇನೆ. ನೇರ ಕೊಯ್ದರೆ ಮುಂದೆ ಒದ್ದೆ ಕೂದಲು ಬೈತಲೆಯಂತೆ ಸೀಳಿ ಕಲೆ ಎದ್ದು ಕಾಣುತ್ತದೆ. ನನ್ನ ಭಯವೆಲ್ಲ ರಕ್ತದ್ದು. ಕೆಜಿಗೆ ಸುಮಾರು 80 ಮಿಲಿಯಂತೆ ಏಳು ಕೆಜಿಯ ಮಗುವಿನಲ್ಲಿರುವುದು 560 ಮಿಲಿ, ಮೂರು ಲೋಟವೂ ಇಲ್ಲ. ದೊಡ್ಡವರಲ್ಲಿ ಲೆಕ್ಕಕ್ಕೇ ಬಾರದ 100 ಮಿಲಿ ಇಲ್ಲಿ ಸುಮಾರು ಆರರಲ್ಲೊಂದು ಪಾಲು. ಅದಕ್ಕೇ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಡ್ರಿಪ್, ಮೊದಲೇ ಥಿಯೇಟರಿಗೆ ತರಿಸಿಟ್ಟ ರಕ್ತ. ರಕ್ತದಲ್ಲಿ ನೆನೆದ ಗಾಜ್ ಬಟ್ಟೆ ತೂಗಿ, ಎಷ್ಟು ರಕ್ತ ಹೋಯಿತೆಂಬ ಅಂಕಿಯನ್ನು ನರ್ಸ್ ಗಟ್ಟಿಯಾಗಿ ಹೇಳುತ್ತಾರೆ. ಬೆಸೆದ ಸಂದಿನ ನೇರ ಕೆಳಗೆ ಮಿದುಳಿನ ರಕ್ತ ಹೊತ್ತೊಯ್ಯುವ ದೊಡ್ಡ ನಾಳವಿದೆ. ಆರಂಭದ ವರ್ಷಗಳಲ್ಲಿ ಒಮ್ಮೆ ಅಲ್ಲಿ ಅವಸರಪಟ್ಟು, ಹತ್ತಿಯ ಪಟ್ಟಿ ಒತ್ತಿಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆ. ಆ ಮಗು ಉಳಿಯಿತು. ಅಂದಿನಿಂದ ಮೂಳೆ ಎಬ್ಬಿಸುವಾಗ ನಾನು ಗಡಿಯಾರ ನೋಡುವುದಿಲ್ಲ.

ಮುಂದಿನದು ಬಡಗಿ ಕೆಲಸ. ಪಕ್ಕದ ಮೂಳೆಗಳನ್ನು ಪೀಪಾಯಿಯ ಹಲಗೆಗಳಂತೆ ಸೀಳಿ ಹೊರಕ್ಕೆ ಬಗ್ಗಿಸಿ, ಮೈಯಲ್ಲೇ ಕರಗುವ ಪ್ಲೇಟುಗಳಿಂದ ಬಿಗಿಯುತ್ತೇನೆ. ಉಳಿದ ಬಿರುಕುಗಳನ್ನು ಮಿದುಳಿನ ಹೊದಿಕೆ ಹೊಸ ಮೂಳೆಯಿಂದ ತುಂಬಿಕೊಳ್ಳುತ್ತದೆ. ಈ ವಯಸ್ಸಿಗಷ್ಟೇ ಇರುವ ವರ ಅದು.

ಆಪರೇಷನ್ ಆದ ಎರಡನೆಯ ದಿನ ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗುತ್ತವೆ. ಹಿಂದೊಮ್ಮೆ ಇದನ್ನು ಹೇಳಲು ಮರೆತು, ಮಗು ಕುರುಡಾಯಿತೆಂದು ಒಂದು ತಾಯಿ ರಾತ್ರಿಯಿಡೀ ಅತ್ತಿದ್ದರು. ಈಗ ಒಪ್ಪಿಗೆ ಪತ್ರ ಕೊಡುವ ಮುಂಚೆಯೇ ಹೇಳಿಬಿಡುತ್ತೇನೆ.

ನಾಲ್ಕನೆಯ ದಿನ ಈ ಹುಡುಗ ಕಣ್ಣು ಬಿಟ್ಟ. ಎಣ್ಣೆ ಹಚ್ಚಿ ನೀರು ಹಾಕುವುದು ಯಾವಾಗ ಎಂದು ಅಜ್ಜಿ ಕೇಳಿದರು. ಗಾಯ ಮಾಯಲಿ ಅಜ್ಜಿ, ಆಮೇಲೂ ನೆತ್ತಿ ಒತ್ತಬೇಡಿ ಎಂದೆ.