ಧಾರೇಶ್ವರದ ಸಪಾಟು ಕಡಲಿಗೆ ತಿಥಿ ನೋಡಿ ಹೋಗುವುದು

ಕುಮಟಾದಿಂದ ಹೊನ್ನಾವರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆರೇಳು ಕಿಲೋಮೀಟರ್ ಬಂದರೆ ಧಾರೇಶ್ವರ. ಆತ್ಮಲಿಂಗದ ಪಂಚಕ್ಷೇತ್ರಗಳಲ್ಲಿ ಒಂದು. ದೇವಸ್ಥಾನಕ್ಕೆ ಬಂದವರಲ್ಲಿ ಹೆಚ್ಚಿನವರು ಕೈಮುಗಿದು ಮುರುಡೇಶ್ವರಕ್ಕೋ ಗೋಕರ್ಣಕ್ಕೋ ಮುಂದೆ ಹೊರಟುಬಿಡುತ್ತಾರೆ. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಸಿಗುವ ಉದ್ದನೆಯ ಮರಳದಂಡೆ ಹಾಗಾಗಿ ವಾರದ ದಿನಗಳಲ್ಲಿ ಬಹುಪಾಲು ಖಾಲಿ ಇರುತ್ತದೆ. ಇಂಥ ಸಪಾಟು ದಂಡೆಯಲ್ಲಿ ಅರ್ಧ ದಿನ ನೆಮ್ಮದಿಯಿಂದ ಕಳೆಯಲು ನಾನು ಅನುಸರಿಸುವ ಕ್ರಮ ಇದು. ಕುಮಟಾ–ಹೊನ್ನಾವರ ಪಟ್ಟಿಯ ಉಳಿದ ಸಪಾಟು ದಂಡೆಗಳಿಗೂ ಇದೇ ಲೆಕ್ಕ ನಡೆಯುತ್ತದೆ.

ದಂಡೆ ಸಪಾಟೋ ಕಡಿದಾದದ್ದೋ ಎಂಬುದು ಮರಳನ್ನು ಮುಟ್ಟಿದರೆ ತಿಳಿಯುತ್ತದೆ. ರವೆಯಂತೆ ಒರಟಾದ ಮರಳು ಮೇಲೆ ಬಂದ ಅಲೆಯ ನೀರನ್ನು ಹೀರಿಕೊಳ್ಳುತ್ತದೆ. ಹಿಂದಿರುಗುವ ನೀರಿಗೆ ಬಲವಿರುವುದಿಲ್ಲ, ತಂದ ಮರಳು ಅಲ್ಲೇ ರಾಶಿಯಾಗಿ ಇಳಿಜಾರು ಕಡಿದಾಗುತ್ತದೆ. ಅಂಥ ಕಡೆ ನಾಲ್ಕು ಹೆಜ್ಜೆಗೆ ಎದೆಮಟ್ಟ ನೀರು. ಹಿಟ್ಟಿನಂತೆ ನಯವಾದ ಮರಳು ನೀರನ್ನು ಅಷ್ಟು ಬೇಗ ಹೀರುವುದಿಲ್ಲ. ಅಲೆ ತಂದದ್ದನ್ನು ಅದೇ ನೀರು ಎಳೆದುಕೊಂಡು ಹೋಗುವುದರಿಂದ ದಂಡೆ ಅಗಲವಾಗಿ, ಚಾಪೆ ಹಾಸಿದಂತೆ ಉಳಿಯುತ್ತದೆ. ಒದ್ದೆ ಮರಳಿನಲ್ಲಿ ಹಿಮ್ಮಡಿ ಅರ್ಧ ಇಂಚೂ ಹೂತುಕೊಳ್ಳದಿದ್ದರೆ ಅದು ನಯ ಮರಳಿನ ದಂಡೆ.

ಇನ್ನು ಹೊತ್ತಿನ ಲೆಕ್ಕ. ಸಪಾಟು ದಂಡೆ ದಿನಕ್ಕೆ ಎರಡು ರೂಪ ತಾಳುತ್ತದೆ. ಭರತದ, ಅಂದರೆ ಉಬ್ಬರದ, ಹೊತ್ತಿಗೆ ಮರಳು ಕಿರಿದಾಗಿ ಅಲೆ ಗಾಳಿಮರದ ತೋಪಿನ ಹತ್ತಿರಕ್ಕೆ ಬರುತ್ತದೆ, ಇಳಿತದ ಹೊತ್ತಿಗೆ ಅದೇ ಜಾಗ ಕ್ರಿಕೆಟ್ ಮೈದಾನದಷ್ಟು ತೆರೆದುಕೊಳ್ಳುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಉತ್ತರ ಕನ್ನಡದ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಬೆಳಿಗ್ಗೆ ಮತ್ತು ರಾತ್ರಿ 11–12ರ ಸುಮಾರಿಗೆ ಬೀಳುತ್ತದೆ, ಇಳಿತ ಮುಂಜಾನೆ ಮತ್ತು ಸಂಜೆ 5–6ರ ಸುಮಾರಿಗೆ. ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತ ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗಾಗುತ್ತದೆ: ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಇಳಿತ, ಸಂಜೆ ಭರತ. ಕ್ಯಾಲೆಂಡರಿನ ತಿಥಿ ನೋಡಿದರೆ ಅಂದಾಜು ಸಿಕ್ಕಿತು. ನಿಖರ ಸಮಯಕ್ಕೆ ಕಾರವಾರ ಬಂದರಿನ ಉಬ್ಬರವಿಳಿತ ಪಟ್ಟಿ ನೋಡುತ್ತೇನೆ, ಧಾರೇಶ್ವರಕ್ಕೆ ಅದೇ ಸಾಕು.

ತಿಥಿ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರಿನ ಏರಿಳಿತ ಒಂದೂವರೆಯಿಂದ ಎರಡು ಮೀಟರ್, ಅಷ್ಟಮಿಗೆ ಅದರ ಅರ್ಧದಷ್ಟು. ನಡೆಯಲು, ಚಿಪ್ಪು ಹೆಕ್ಕಲು, ಫೋಟೋ ತೆಗೆಯಲು ಹುಣ್ಣಿಮೆಯ ಸಂಜೆಯ ಇಳಿತದಂಥ ಹೊತ್ತು ಬೇರೆ ಇಲ್ಲ. ಆದರೆ ಮಕ್ಕಳನ್ನು ನೀರಿಗಿಳಿಸುವುದಾದರೆ ನಾನು ಆರಿಸುವುದು ಸಪ್ತಮಿಯಿಂದ ದಶಮಿಯ ನಡುವಿನ ದಿನ. ನೀರು ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಸೆಳೆತವೂ ಕಡಿಮೆ.

ನೀರು ಆರು ಗಂಟೆ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಆಮೇಲೆ 2, 3, 3, 2, ಕೊನೆಯ ಗಂಟೆ ಮತ್ತೆ 1. ಏರಿಕೆ 1.8 ಮೀಟರ್ ಇರುವ ದಿನ ಮೊದಲ ಗಂಟೆಗೆ 15 ಸೆಂಟಿಮೀಟರ್ ಅಷ್ಟೇ, ಮೂರನೆಯ ಮತ್ತು ನಾಲ್ಕನೆಯ ಗಂಟೆಗೆ ತಲಾ 45 ಸೆಂಟಿಮೀಟರ್. 50 ಮೀಟರಿಗೆ 1 ಮೀಟರ್ ಇಳಿಜಾರಿರುವ ದಂಡೆಯಲ್ಲಿ 45 ಸೆಂಟಿಮೀಟರ್ ಎಂದರೆ ನೀರಿನ ಅಂಚು ಒಂದೇ ಗಂಟೆಯಲ್ಲಿ 22 ಮೀಟರ್ ಒಳಗೆ ಬಂದಂತೆ. ಮೊದಲ ಗಂಟೆಯ ಸೌಮ್ಯ ನೋಡಿ ಚಪ್ಪಲಿ, ಚೀಲ, ಮೊಬೈಲನ್ನು ಒದ್ದೆ ಮರಳಿನಲ್ಲೇ ಬಿಟ್ಟವರು ಅವನ್ನು ಕಳೆದುಕೊಳ್ಳುವುದು ಈ ಎರಡು ಗಂಟೆಗಳಲ್ಲಿ. ದಂಡೆಯುದ್ದಕ್ಕೂ ಒಣ ಕಡ್ಡಿ, ತೆಂಗಿನ ನಾರು, ಬೊಂಡಾಸಿನ (ಕಟ್ಲ್‌ಫಿಶ್) ಬಿಳಿ ಎಲುಬು ಸಾಲಾಗಿ ಬಿದ್ದ ಗೆರೆಯೊಂದು ಕಾಣುತ್ತದೆ. ಹಿಂದಿನ ಭರತ ಮುಟ್ಟಿದ ಜಾಗ ಅದು. ಚಾಪೆ ಹಾಸುವುದು ಆ ಗೆರೆಯಿಂದ ಹತ್ತು ಹೆಜ್ಜೆ ಮೇಲೆ. ನೆರಳಿಗೆ ಗಾಳಿಮರ ಒಳ್ಳೆಯದು, ಕಾಯಿ ಇರುವ ತೆಂಗಿನ ಮರದಡಿ ಬೇಡ.

ಸಪಾಟು ದಂಡೆಯ ನಿಜವಾದ ಅಪಾಯ ಎಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕು. ಆಳವಿಲ್ಲದ ನೀರು ಎಂದ ಕೂಡಲೇ ನೆಲ ಒಂದೇ ಸಮನೆ ಇಳಿಯುತ್ತ ಹೋಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಹಾಗಿಲ್ಲ. ಅಲೆ ಒಡೆಯುವಲ್ಲಿ ಮರಳು ಉದ್ದುದ್ದ ದಿಬ್ಬವಾಗಿ ಕೂರುತ್ತದೆ, ದಿಬ್ಬಕ್ಕೂ ದಂಡೆಗೂ ನಡುವೆ ಕಾಲುವೆಯಂಥ ತಗ್ಗು ಉಳಿಯುತ್ತದೆ. ಇಳಿತದಲ್ಲಿ ತಗ್ಗಿನಲ್ಲಿ ಮೊಣಕಾಲುದ್ದ ನೀರು, ಆಚೆಯ ದಿಬ್ಬದ ಮೇಲೆ ಪಾದ ಮುಳುಗುವಷ್ಟೇ. ಖುಷಿಯಿಂದ ದಾಟಿ ದಿಬ್ಬದ ಮೇಲೆ ನಿಂತವರಿಗೆ ಕಾಲ ಬುಡದ ನೀರು ನಿಧಾನಕ್ಕೆ ಏರುವುದು ಬೇಗ ಗಮನಕ್ಕೆ ಬರುವುದಿಲ್ಲ, ಬೆನ್ನ ಹಿಂದೆ ತಗ್ಗು ತುಂಬುತ್ತಿರುತ್ತದೆ. ಒಂದೂವರೆ ಗಂಟೆ ಬಿಟ್ಟು ತಿರುಗಿದರೆ ಹೋಗುವಾಗ ಮೊಣಕಾಲಿಗಿದ್ದದ್ದು ದೊಡ್ಡವರಿಗೆ ತೊಡೆ ದಾಟಿರುತ್ತದೆ, ಎಂಟು ವರ್ಷದ ಮಗುವಿಗೆ ಸೊಂಟ ಮೀರಿರುತ್ತದೆ. ಜೊತೆಗೆ ಹರಿವು. ಆದ್ದರಿಂದ ನನ್ನ ನಿಯಮ ಒಂದೇ: ದಿಬ್ಬಕ್ಕೆ ಹೋಗುವುದು ನೀರು ಇನ್ನೂ ಇಳಿಯುತ್ತಿರುವಾಗ, ಮರಳುವುದು ಇಳಿತದ ತುದಿಯಿಂದ ಅರ್ಧ ಗಂಟೆಯೊಳಗೆ. ಹೋಗುವ ಮುನ್ನ ನೀರಂಚಿನಲ್ಲಿ ಒಂದು ಕೋಲು ನೆಟ್ಟು ಹೋಗುತ್ತೇನೆ. ಕೋಲಿನ ಬುಡಕ್ಕೆ ನೀರು ವಾಪಸ್ ಬಂದಿದ್ದು ಕಂಡರೆ ಮಾತು ಮುಗಿಯಿತು, ಎಲ್ಲರೂ ದಂಡೆಗೆ.

ತಗ್ಗಿಗೆ ತುಂಬಿದ ನೀರು ಹೊರಗೆ ಹೋಗಲು ದಿಬ್ಬದಲ್ಲಿ ಎಲ್ಲೋ ಒಂದು ಕಡೆ ಬಾಗಿಲು ಮಾಡಿಕೊಂಡಿರುತ್ತದೆ. ಸೆಳೆತ ಇರುವುದು ಅಲ್ಲಿ. ದಂಡೆಯ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೋಡಿ. ಎಡಬಲದಲ್ಲಿ ಅಲೆ ಬಿಳಿಯಾಗಿ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಒಡೆಯದೆ, ನೀರು ಸ್ವಲ್ಪ ಕಪ್ಪಾಗಿ ಅಥವಾ ಮರಳು ಕದಡಿದ ಬಣ್ಣದಲ್ಲಿ, ನೊರೆ ಹೊರಮುಖವಾಗಿ ತೇಲುತ್ತಿದ್ದರೆ ಅದೇ ಬಾಗಿಲು. ಶಾಂತವಾಗಿ ಕಾಣುವುದರಿಂದಲೇ ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಅನುಮಾನವಿದ್ದರೆ ಅಂಗೈಯಗಲದ ತೆಂಗಿನ ಸಿಪ್ಪೆಯನ್ನು ಮೊಣಕಾಲುದ್ದ ನೀರಿಗೆ ಎಸೆದು ಎರಡು ಮೂರು ಸಲ ಪರೀಕ್ಷಿಸುತ್ತೇನೆ. ದಂಡೆಗೆ ವಾಪಸ್ ಬಂದರೆ ಸರಿ. ಪಕ್ಕಕ್ಕೆ ಸರಿದು ಒಂದೆಡೆ ತಿರುಗಿ ಆಚೆ ಹೋದರೆ ಆ ಜಾಗದಿಂದ ಐವತ್ತು ಹೆಜ್ಜೆ ದೂರ ಇರಬೇಕು. ಸೆಳೆತಕ್ಕೆ ಸಿಕ್ಕಿದರೆ ದಂಡೆಯ ಕಡೆಗೆ ಎದುರೀಜು ಹೊಡೆಯಬಾರದು, ದಣಿವೇ ಮುಳುಗಿಸುವುದು. ತೇಲಿಕೊಂಡು, ಕೈ ಎತ್ತಿ ಕರೆದು, ದಂಡೆಗೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವ ಕಡೆ ಬಂದ ಮೇಲೆ ಒಳಕ್ಕೆ ತಿರುಗಬೇಕು. ಈಜು ಬಾರದವರು ಸೊಂಟಮಟ್ಟ ದಾಟಬಾರದು, ಬಾಗಿಲಿನ ಹತ್ತಿರವಾದರೆ ಮೊಣಕಾಲನ್ನೂ ದಾಟಬಾರದು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರವಂತೂ, ಅಘನಾಶಿನಿಯಾಗಲಿ ಶರಾವತಿಯಾಗಲಿ, ಇಳಿತದ ಹೊತ್ತಿನಲ್ಲಿ ನೀರಿಗಿಳಿಯುವ ಮಾತೇ ಇಲ್ಲ. ಹೊಳೆಯ ನೀರೂ ಭರತದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ.

ಧಾರೇಶ್ವರದಂಥ ಕಡೆ ಯಾವಾಗಲೂ ಜೀವರಕ್ಷಕರು ಇರುತ್ತಾರೆಂದು ನಂಬಿಕೊಂಡು ಹೋಗುವಂತಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದು ನೀರಾಟವೇ ಮುಖ್ಯವಾದರೆ ಹೊನ್ನಾವರ ದಾಟಿ ಶರಾವತಿಯ ದಕ್ಷಿಣಕ್ಕಿರುವ ಕಾಸರಕೋಡಿಗೆ ಹೋಗುವುದು ವಾಸಿ. 2020ರಲ್ಲಿ ಪಡುಬಿದ್ರಿಯ ಜೊತೆಗೆ, ಸ್ವಚ್ಛತೆ ಮತ್ತು ಸುರಕ್ಷತೆಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದಂಡೆ ಅದು, ಈಜುವ ಜಾಗ ಗುರುತು ಮಾಡಿರುತ್ತಾರೆ, ಸ್ನಾನಕ್ಕೆ ಸಿಹಿನೀರಿನ ವ್ಯವಸ್ಥೆಯಿದೆ. ಮೌನ ಮಾತ್ರ ಅಲ್ಲಿ ಸ್ವಲ್ಪ ಕಡಿಮೆ.

ತಿಂಗಳುಗಳಲ್ಲಿ ನವೆಂಬರಿನಿಂದ ಫೆಬ್ರವರಿ ನನಗೆ ಅತ್ಯಂತ ಇಷ್ಟ. ಬೆಳಿಗ್ಗೆ ಘಟ್ಟದ ಕಡೆಯಿಂದ ಬೀಸುವ ತಂಪು ನೆಲಗಾಳಿಗೆ ಕಡಲು ತಟ್ಟೆಯಲ್ಲಿಟ್ಟ ನೀರಿನಂತೆ ನಿಂತಿರುತ್ತದೆ. ಹನ್ನೊಂದು ಗಂಟೆಯ ಮೇಲೆ ಕಡಲಗಾಳಿ ಶುರುವಾಗಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸಣ್ಣ ಅಲೆಗಳು ಒತ್ತೊತ್ತಾಗಿ ಬರುತ್ತವೆ. ಬೆಳಗಿನ ಗಾಳಿಯೂ ಇಳಿತವೂ ಒಟ್ಟಿಗೆ ಕೂಡಿಬರುವ ದಿನ ಬೇಕೆಂದರೆ ಪಂಚಮಿ–ಷಷ್ಠಿ ನೋಡಿ, ಇಳಿತ ಸುಮಾರು ಒಂಬತ್ತರ ಹೊತ್ತಿಗೆ ಬೀಳುತ್ತದೆ. ಅಕ್ಟೋಬರಿನಲ್ಲಿ ಮಳೆಗಾಲ ಕೊರೆದ ತಗ್ಗುಗಳು ಇನ್ನೂ ತುಂಬಿರುವುದಿಲ್ಲ, ಎಚ್ಚರ. ಏಪ್ರಿಲ್, ಮೇ ತಿಂಗಳಲ್ಲಿ ಮರಳು ಕಾದ ಕಾವಲಿ, ಅಲ್ಲದೆ ಆಕಾಶ ಶುಭ್ರವಾಗಿ ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಉಬ್ಬಲೆ ಇಲ್ಲಿಗೆ ಬಂದು ಬಡಿಯುವುದುಂಟು. ಕೇರಳದವರು ಇದನ್ನು ಕಳ್ಳಕಡಲು ಎನ್ನುತ್ತಾರೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಇದಕ್ಕೆ ಮುನ್ಸೂಚನೆ ಕೊಡುತ್ತದೆ, ಹೊರಡುವ ಹಿಂದಿನ ಸಂಜೆ ಅದನ್ನು ತಪ್ಪದೆ ನೋಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ದಂಡೆಯಲ್ಲಿ ನಿಂತು ನೋಡುವ ಕಾಲ, ಇಳಿಯುವ ಕಾಲವಲ್ಲ.

ನೀರಿನಲ್ಲಿ ಕಾಲು ಎತ್ತಿ ಇಡಬೇಡಿ, ಮರಳಿಗೆ ಉಜ್ಜಿಕೊಂಡು ಸರಿಸಿ. ಆಳವಿಲ್ಲದ ನಯ ಮರಳು ತೊರಕೆ ಮೀನು (ಸ್ಟಿಂಗ್‌ರೇ) ಹೂತು ಮಲಗುವ ಜಾಗ. ಸದ್ದಿಗೆ ಅದು ತಾನೇ ಸರಿಯುತ್ತದೆ, ಮೇಲೆ ಮೆಟ್ಟಿದರೆ ಬಾಲದ ಮುಳ್ಳು ಬೀಸುತ್ತದೆ. ತೊರಕೆಯ ವಿಷ ಶಾಖಕ್ಕೆ ಸೋಲುತ್ತದೆ. ತಾಳಬಲ್ಲಷ್ಟು ಬಿಸಿ, ಅಂದರೆ ಸುಮಾರು 45 ಡಿಗ್ರಿ ನೀರಿನಲ್ಲಿ ಕಾಲನ್ನು 30ರಿಂದ 90 ನಿಮಿಷ ಇಡಬೇಕು. ಇದಕ್ಕೆಂದೇ 1 ಲೀಟರ್ ಫ್ಲಾಸ್ಕಿನಲ್ಲಿ ಕುದಿನೀರು, ಒಂದು ಟಬ್ ಕಾರಿನಲ್ಲಿರುತ್ತದೆ. ಆಗಷ್ಟೇ ತುಂಬಿದ 1 ಲೀಟರಿಗೆ ಸುಮಾರು ಮೂರು ಲೀಟರ್ ಸಾದಾ ನೀರು ಬೆರೆಸಿದರೆ ಹದ ಬರುತ್ತದೆ, ಹೊತ್ತಾಗಿದ್ದರೆ ಸಾದಾ ನೀರು ಕಡಿಮೆ. ನೋವಿರುವವರಿಗೆ ಬಿಸಿ ತಿಳಿಯುವುದಿಲ್ಲ, ಆದ್ದರಿಂದ ಬೇರೆಯವರು ಕೈ ಅದ್ದಿ ನೋಡಬೇಕು. ಅಷ್ಟರಲ್ಲಿ ಹತ್ತಿರದ ಮನೆಯಿಂದಲೋ ಹೋಟೆಲಿನಿಂದಲೋ ಇನ್ನಷ್ಟು ಬಿಸಿನೀರು ತರಿಸಿ, ಮುಳ್ಳು ಆಳಕ್ಕೆ ಇಳಿದಿದ್ದರೆ ಕೀಳದೆ ಆಸ್ಪತ್ರೆಗೆ. ಜೆಲ್ಲಿ ಮೀನು ತಾಗಿದರೆ ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಕಡ್ಡಿಯಿಂದ ಎತ್ತಿ ತೆಗೆದು, ಅದೇ ಬಿಸಿನೀರಿನ ಉಪಚಾರ. ಮರಳಿನಿಂದ ಉಜ್ಜುವುದು, ಎಳೆ ತೆಗೆಯುವ ಮೊದಲೇ ಸಿಹಿನೀರು ಹುಯ್ಯುವುದು ಎರಡೂ ಉರಿ ಹೆಚ್ಚಿಸುತ್ತವೆ. ಉಸಿರಾಟ ಕಷ್ಟವಾದರೆ ಕಾಯದೆ 108.

ಕೈರಂಪಣಿ (ದಂಡೆಯಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ) ಎಳೆಯುವ ಕಡೆ ಹಗ್ಗ ದಾಟಬೇಡಿ, ಬಲೆ ತುಳಿಯಬೇಡಿ, ಬರಿಗಾಲಲ್ಲಿ ನಡೆಯಬೇಡಿ. ಬೇಡವೆಂದು ಬಿಸಾಡಿದ ಮೀನುಗಳ ಮುಳ್ಳು ಮರಳಿನಲ್ಲಿ ನಿಂತಿರುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಸಾಕು, ಹವಾಯಿ ಚಪ್ಪಲಿಯನ್ನು ಒದ್ದೆ ಮರಳು ಕಿತ್ತುಕೊಳ್ಳುತ್ತದೆ.

ಉಳಿದ ಸಾಮಾನು ಕಡಿಮೆ. ನಾಲ್ಕು ಜನರ ಅರ್ಧ ದಿನಕ್ಕೆ 8 ಲೀಟರ್ ಕುಡಿಯುವ ನೀರು, ಉಪ್ಪು ಹಾಕಿದ ಮಜ್ಜಿಗೆ, ತೊಳೆಯಲು ಬೇರೆ 5 ಲೀಟರಿನ ಕ್ಯಾನ್, ತಲೆಗೊಂದರಂತೆ ಬೈರಾಸು (ಟವೆಲ್), ತುಂಬುತೋಳಿನ ತೆಳು ಅಂಗಿ, ಅಗಲ ಅಂಚಿನ ಟೋಪಿ. ಮಕ್ಕಳ ಕಾಲಿಗೆ ಅಂಟಿದ ಮರಳಿಗೆ ನೀರು ಸುರಿದಷ್ಟೂ ವ್ಯರ್ಥ. ಒಣಗಲು ಬಿಟ್ಟು ಟಾಲ್ಕಂ ಪೌಡರ್ ಉದುರಿಸಿ ಕೈಯಾಡಿಸಿದರೆ ಸರ್ರನೆ ಉದುರುತ್ತದೆ.

ವಾಹನವನ್ನು ಮಾತ್ರ ದಂಡೆಗಿಳಿಸಬೇಡಿ. ಭರತದ ಗೆರೆಯ ಮೇಲಿನ ಒಣ ಮರಳಿನಲ್ಲಿ ಚಕ್ರ ಹೂಳುತ್ತದೆ ಎಂಬುದು ಸಣ್ಣ ಕಾರಣ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಈ ಕರಾವಳಿಯಲ್ಲಿ ಮೊಟ್ಟೆಯಿಡುವುದು ಅದೇ ಒಣ ಮರಳಿನಲ್ಲಿ. ನೀರಿನಿಂದ ಮೇಲಕ್ಕೆ ಹೋಗಿ ತಿರುಗಿ ಬಂದ, ಸಣ್ಣ ಟ್ರ್ಯಾಕ್ಟರ್ ಓಡಿದಂತಿರುವ ಗುರುತು ಬೆಳಿಗ್ಗೆ ಕಂಡರೆ ಅದನ್ನು ಅಳಿಸದೆ, ಅಗೆಯದೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಕತ್ತಲಾದ ಮೇಲೆ ದಂಡೆಯಲ್ಲಿ ದೊಡ್ಡ ಟಾರ್ಚ್, ಬೆಂಕಿ ಬೇಡ.

ಮರುದಿನವೂ ಹೋಗುವುದಿದ್ದರೆ ಇವತ್ತಿನ ಹೊತ್ತನ್ನು ಸುಮಾರು 50 ನಿಮಿಷ ಮುಂದಕ್ಕೆ ತಳ್ಳಿ, ಕೋಲನ್ನು ಹೊಸದಾಗಿ ನೆಟ್ಟುಕೊಳ್ಳಿ. ಬಾಗಿಲನ್ನೂ ಮತ್ತೊಮ್ಮೆ ಹುಡುಕಬೇಕು, ಒಂದು ರಾತ್ರಿಯ ಅಲೆಗೆ ಅದು ಜಾಗ ಬದಲಿಸಿರಬಹುದು.