ಪಿಆರ್ ಕಾರ್ಡ್ ಬರುವ ಮುಂಚೆ ಊರಿಗೆ ಹೋಗಬೇಕಾದರೆ: ದಾವಣಗೆರೆ, ದುರ್ಗದ ಹೊಸಬರಿಗೆ

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಕೆನಡಾಕ್ಕೆ ಬಂದು ಹೊಸದಾಗಿ ಪಿಆರ್ (ಕಾಯಂ ನಿವಾಸಿ) ಆದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. "ಇನ್ನೂ ಕಾರ್ಡ್ ಬಂದಿಲ್ಲ, ಊರಿಗೆ ಹೋಗಿ ಬರಬಹುದಾ?" ಒಬ್ಬರಿಗೆ ತಂಗಿಯ ಮದುವೆ. ಇನ್ನೊಬ್ಬರಿಗೆ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ. ಮತ್ತೊಬ್ಬರಿಗೆ ಅವ್ವನ ಆಪರೇಷನ್.

ಹೋಗಬಹುದು. ಹೋಗುವುದಕ್ಕೆ ಯಾರೂ ತಡೆಯುವುದಿಲ್ಲ. ನಿಮ್ಮ ಹತ್ತಿರ ಭಾರತದ ಪಾಸ್‌ಪೋರ್ಟ್ ಇದೆ, ಭಾರತಕ್ಕೆ ಹೋಗಲು ಅಷ್ಟು ಸಾಕು. ತೊಂದರೆ ಇರುವುದು ವಾಪಸ್ ಬರುವಾಗ. ಅದೂ ಟೊರೊಂಟೊದಲ್ಲಿ ಇಳಿದ ಮೇಲೆ ಅಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ.

ಇದು ಯಾಕೆ ಹೀಗೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕೆನಡಾದ 2001ರ ವಲಸೆ ಕಾನೂನಿನ 19ನೇ ಕಲಮಿನ ಪ್ರಕಾರ, ನೀವು ಪಿಆರ್ ಅಂತ ಖಾತ್ರಿಯಾದರೆ ಗಡಿಯ ಅಧಿಕಾರಿ ನಿಮ್ಮನ್ನು ಒಳಗೆ ಬಿಡಲೇಬೇಕು. ಕಾರ್ಡ್ ಇಲ್ಲದಿದ್ದರೂ ನಿಮ್ಮ ಪಿಆರ್ ಎಲ್ಲೂ ಹೋಗಿರುವುದಿಲ್ಲ. ಆದರೆ ಆ ಅಧಿಕಾರಿಯ ಮುಂದೆ ನಿಲ್ಲಬೇಕಾದರೆ ಮೊದಲು ವಿಮಾನ ಹತ್ತಬೇಕಲ್ಲ? ಹತ್ತಿಸುವ ಮುಂಚೆ ವಿಮಾನ ಕಂಪನಿಯ ಕಂಪ್ಯೂಟರ್ ಕೆನಡಾ ಗಡಿ ಇಲಾಖೆಯ ಕಂಪ್ಯೂಟರನ್ನು ಕೇಳುತ್ತದೆ. ಈ ಪ್ರಯಾಣಿಕರನ್ನು ಹತ್ತಿಸಬಹುದೋ ಇಲ್ಲವೋ ಅಂತ ಉತ್ತರ ಬರುತ್ತದೆ. ಸರಿಯಾದ ಕಾಗದ ಇಲ್ಲದವರನ್ನು ಕರೆತಂದರೆ ಒಬ್ಬೊಬ್ಬರ ಮೇಲೆ ಕಂಪನಿ 3,200 ಡಾಲರ್‌ವರೆಗೆ ಕಟ್ಟಬೇಕಾಗಬಹುದು. ಹಾಗಾಗಿ ಕೌಂಟರಿನ ಹುಡುಗಿಯ ಹತ್ತಿರ ಎಷ್ಟು ಬೇಡಿಕೊಂಡರೂ ಪ್ರಯೋಜನ ಇಲ್ಲ. ಪಿಆರ್ ಆದವರಿಂದ ಅವರಿಗೆ ಬೇಕಾಗಿರುವುದು ಎರಡರಲ್ಲಿ ಒಂದು: ಚಾಲ್ತಿಯಲ್ಲಿರುವ ಪಿಆರ್ ಕಾರ್ಡ್, ಇಲ್ಲದಿದ್ದರೆ ಪಿಆರ್‌ಟಿಡಿ ಅನ್ನುವ ಪ್ರಯಾಣದ ಕಾಗದ (ಅದರ ವಿವರ ಮುಂದೆ ಇದೆ).

ಪಿಆರ್ ಆಯಿತು ಅಂತ ವಲಸೆ ಇಲಾಖೆಯ ಪೋರ್ಟಲಿನಲ್ಲಿ ಬರುತ್ತದಲ್ಲ, ಆ ಇ-ಸಿಒಪಿಆರ್ ಕಾಗದ, ಅದು ವಿಮಾನ ಹತ್ತುವುದಕ್ಕೆ ನಡೆಯುವುದಿಲ್ಲ. ಬ್ಯಾಂಕಿಗೆ, ಕೆಲಸಕ್ಕೆ, ಹೆಲ್ತ್ ಕಾರ್ಡಿಗೆ ಎಲ್ಲ ಆಗುತ್ತದೆ, ಪ್ರಯಾಣಕ್ಕೆ ಮಾತ್ರ ಆಗಲ್ಲ. ಡ್ರೈವಿಂಗ್ ಲೈಸೆನ್ಸೂ ಅಷ್ಟೇ. ಇನ್ನೊಂದು ಜಾಸ್ತಿ ಜನ ನಂಬಿಕೊಂಡಿರುವುದು ಹಳೇ ವೀಸಾ ಸ್ಟಿಕರ್. ಓದುವುದಕ್ಕೋ ಕೆಲಸಕ್ಕೋ ಬಂದಾಗ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದು, ಅದರಲ್ಲಿ ಇನ್ನೂ ತಾರೀಖು ಉಳಿದಿರುತ್ತದೆ. ಆ ಸ್ಟಿಕರ್ ತಾತ್ಕಾಲಿಕವಾಗಿ ಬಂದವರಿಗೆ. ಪಿಆರ್ ಆದ ದಿನದಿಂದ ನೀವು ಆ ಲೆಕ್ಕದಲ್ಲಿ ಇಲ್ಲ. "ನಮ್ಮ ಫ್ರೆಂಡ್ ಅದರಲ್ಲೇ ಬಂದ" ಅಂತ ಯಾರಾದರೂ ಹೇಳಿದರೆ ಕೇಳಿಕೊಳ್ಳಿ, ಆದರೆ ಅದನ್ನು ನಂಬಿ ಮನೆಮಂದಿಯ ಟಿಕೆಟ್ ಮಾಡಿಸಬೇಡಿ.

ಪಿಆರ್‌ಟಿಡಿ ಅಂದರೆ ಪಿಆರ್ ಆದವರು ಕೆನಡಾಕ್ಕೆ ವಾಪಸ್ ಬರಲು ಪಾಸ್‌ಪೋರ್ಟಿನಲ್ಲಿ ಅಂಟಿಸಿ ಕೊಡುವ ಸ್ಟಿಕರ್. ಸಾಮಾನ್ಯವಾಗಿ ಒಂದೇ ಸಲ ಒಳಗೆ ಬರಲು ಕೊಡುತ್ತಾರೆ. ಫೀಸು 50 ಕೆನಡಾ ಡಾಲರ್, ವೀಸಾ ಅರ್ಜಿ ಕೇಂದ್ರ ನಡೆಸುವ ವಿಎಫ್‌ಎಸ್ ಕಂಪನಿಯವರ ಸರ್ವಿಸ್ ಚಾರ್ಜ್ ಬೇರೆ. ಫಾರಂ ನಂಬರ್ ಐಎಂಎಂ 5524. ಇದರಲ್ಲಿ ಎಲ್ಲರೂ ಎಡವುವ ಒಂದು ವಿಷಯ ಇದೆ: ಕೆನಡಾದಲ್ಲಿ ಇದ್ದುಕೊಂಡು ಈ ಅರ್ಜಿ ಹಾಕಲು ಬರುವುದಿಲ್ಲ. ನೀವು ದೇಶದ ಹೊರಗೆ ಇರಬೇಕು. ಅಂದರೆ ಹೊರಡುವ ಮುಂಚೆಯೇ ವಾಪಸ್ ಬರುವ ಕಾಗದ ಮಾಡಿಸಿಕೊಂಡು ಹೋಗೋಣ ಅನ್ನುವ ಹಾಗಿಲ್ಲ. ಹೋಗಿ, ಊರಲ್ಲಿ ಕೂತು, ಅರ್ಜಿ ಹಾಕಿ, ಕಾಯಬೇಕು.

ಅದಕ್ಕೇ ನಾನು ಮದುವೆ, ಗೃಹಪ್ರವೇಶ, ಜಾತ್ರೆಗೆ ಹೋಗುವವರಿಗೆ ನೇರವಾಗಿ ಹೇಳುತ್ತೇನೆ: ಕಾರ್ಡ್ ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ. ಮದುವೆ ದಿನಾಂಕ ಗೊತ್ತು ಮಾಡುವಾಗಲೇ ಮನೆಯವರಿಗೆ ತಿಳಿಸಿ. ಒಂದೆರಡು ತಿಂಗಳು ಆಚೀಚೆ ಮಾಡಿದರೆ ಎಲ್ಲರೂ ನೆಮ್ಮದಿಯಾಗಿ ಇರಬಹುದು. ಹೊಸ ಕೆಲಸಕ್ಕೆ ಸೇರಿದವರು, ರಜೆ ಮುಗಿದರೂ ಪಿ.ಜೆ. ಬಡಾವಣೆಯ ಮನೆಯಲ್ಲಿ ಕೂತು ಇಮೇಲ್ ಕಾಯುವುದು ಎಂಥ ಸಂಕಟ ಅಂತ ಅನುಭವಿಸಿದವರಿಗೇ ಗೊತ್ತು.

ಆದರೆ ಅಪ್ಪನಿಗೋ ಅವ್ವನಿಗೋ ಸೀರಿಯಸ್ ಅಂತ ಫೋನ್ ಬಂದರೆ ಲೆಕ್ಕವೇ ಬೇರೆ. ಆಗ ಕಾರ್ಡ್ ನೆಪ ಮಾಡಿಕೊಂಡು ಇಲ್ಲಿ ಉಳಿಯಬೇಡಿ. ಹೊರಡಿ. ವಾಪಸ್ ಬರಲು ದಾರಿ ಇದೆ, ಸ್ವಲ್ಪ ತಡವಾಗಬಹುದು, ಅಷ್ಟೇ. ಹೋಗದೆ ಉಳಿದ ನೋವು ಮಾತ್ರ ಹೋಗುವುದಿಲ್ಲ. ನಾಲ್ಕು ದಿನ ಸಮಯ ಇದ್ದರೆ ಕೆನಡಾದ ವಲಸೆ ಇಲಾಖೆ ಐಆರ್‌ಸಿಸಿಯ ವೆಬ್ ಫಾರಂನಲ್ಲಿ ಕಾರಣ ಬರೆದು, ಆಸ್ಪತ್ರೆಯ ಪತ್ರ ಮತ್ತು ಟಿಕೆಟ್ ಲಗತ್ತಿಸಿ, ಕಾರ್ಡನ್ನು ಬೇಗ ಕೊಡಿ ಅಂತ ಕೇಳಿ. ಮನೆಯವರ ಗಂಭೀರ ಕಾಯಿಲೆ, ಸಾವು ಇವು ಅವರು ಒಪ್ಪುವ ಕಾರಣಗಳು. ಕೊಟ್ಟೇ ಕೊಡುತ್ತಾರೆ ಅನ್ನುವ ಭರವಸೆ ಇಲ್ಲ, ಹಾಗಾಗಿ ಉತ್ತರಕ್ಕೆ ಕಾದು ಕೂರಬೇಡಿ.

ಹೊರಡುವ ರಾತ್ರಿ ಏನು ಮಾಡಬೇಕು? ಒಂದು ಫೈಲಿನಲ್ಲಿ ಇ-ಸಿಒಪಿಆರ್ ಪ್ರಿಂಟ್, ಬಾಡಿಗೆ ಕರಾರು, ಸಂಬಳದ ಚೀಟಿಗಳು, ಕೆಲಸದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಹಳೇ ಪಾಸ್‌ಪೋರ್ಟ್ ಇದ್ದರೆ ಅದೂ ಇಡಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ನಿಮಗೇ ಇಮೇಲ್ ಮಾಡಿಕೊಳ್ಳಿ. ಪಿಆರ್‌ಟಿಡಿಗೆ ಎರಡು ವಿಷಯ ತೋರಿಸಬೇಕು: ನೀವು ಪಿಆರ್ ಅನ್ನುವುದು, ಮತ್ತು ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕೆಂಬ ನಿಯಮವನ್ನು ಮುರಿದಿಲ್ಲ ಅನ್ನುವುದು. ಹೊಸಬರಿಗೆ ಐದು ವರ್ಷ ಆಗಿರುವುದೇ ಇಲ್ಲ, ಉಳಿದ ಅವಧಿಯಲ್ಲಿ ಅಷ್ಟು ದಿನ ಪೂರೈಸಲು ಸಾಧ್ಯ ಇದ್ದರೆ ಸಾಕು. ಆದ್ದರಿಂದ ಅದರ ಬಗ್ಗೆ ಹೆದರಬೇಡಿ.

ಕೆನಡಾದ ಸಿಮ್ ಬಂದ್ ಮಾಡಬೇಡಿ. ಫೀಸು ಕಟ್ಟುವಾಗ ಇಲ್ಲಿನ ಬ್ಯಾಂಕ್ ಇಲ್ಲಿನ ನಂಬರಿಗೇ ಕೋಡ್ ಕಳಿಸುತ್ತದೆ. ಮೆಸೇಜ್ ಬರುವಷ್ಟು ರೋಮಿಂಗ್ ಇರಲಿ. ಚಿಕ್ಕ ವಿಷಯ, ಆದರೆ ಎಷ್ಟೋ ಜನ ಇಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ.

ಹೊಳಲ್ಕೆರೆ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಯಾಕೆಂದರೆ ಅವನು ಮಾಡಿದ್ದು ಸರಿಯಾಗಿತ್ತು. ಅವನ ಅಪ್ಪನನ್ನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಐಸಿಯುಗೆ ಸೇರಿಸಿದ್ದರು. ಕಾರ್ಡ್ ಬಂದಿರಲಿಲ್ಲ. ಊರು ಮುಟ್ಟಿದ ಮಾರನೇ ದಿನವೇ, ಐಸಿಯು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ತುಂಬಿದ. ನನಗೆ ಫೋನ್ ಮಾಡಿದಾಗ ಹಿಂದೆ ನರ್ಸು ಔಷಧಿ ಚೀಟಿಗೆ ಹೆಸರು ಕೂಗುವುದು ಕೇಳಿಸುತ್ತಿತ್ತು. ಡಾಕ್ಟರ್ ಮೊದಲು ಕೊಟ್ಟ ಪತ್ರದಲ್ಲಿ "ರೋಗಿ ಚಿಕಿತ್ಸೆಯಲ್ಲಿದ್ದಾರೆ" ಅಂತ ಒಂದೇ ಸಾಲು ಇತ್ತು. ಅದು ಸಾಲದು ಅಂತ ಹೇಳಿದೆ. ಅವನ ಅಣ್ಣ ಹೋಗಿ ಇನ್ನೊಮ್ಮೆ ಬರೆಸಿಕೊಂಡು ಬಂದರು. ಲೆಟರ್‌ಹೆಡ್ಡಿನ ಮೇಲೆ ದಾಖಲಾದ ತಾರೀಖು, ಕಾಯಿಲೆಯ ಹೆಸರು, ಸ್ಥಿತಿ ಗಂಭೀರ ಅನ್ನುವ ಮಾತು, ಈ ಹುಡುಗ ಅವರ ಮಗ ಅನ್ನುವುದು, ಕೆಳಗೆ ಸಹಿ ಮತ್ತು ಸೀಲು. ಅಪ್ಪನ ಹೆಸರು ಮಗನ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅದೇ ಸ್ಪೆಲ್ಲಿಂಗಿನಲ್ಲಿ. ನಮ್ಮ ಕಡೆ ಹೆಸರಿನ ಕೊನೆಗೆ ಒಂದು ಕಾಗದದಲ್ಲಿ "ಅಪ್ಪ" ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅದನ್ನು ಅಲ್ಲೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು. ಅಪ್ಪ ಚೇತರಿಸಿಕೊಂಡರು, ಹುಡುಗ ಸ್ಟಿಕರ್ ಹಾಕಿಸಿಕೊಂಡು ವಾಪಸ್ ಬಂದ.

ಅವನ ಹಾಗೆ ಮೊದಲ ದಿನಗಳಲ್ಲೇ ಅರ್ಜಿ ಹಾಕಿ. ಸಾವಿನ ಮನೆಯಾದರೆ ಶಿವಗಣಾರಾಧನೆ ಮುಗಿಯಲಿ, ಆಮೇಲೆ ನೋಡೋಣ ಅಂತ ಅನಿಸುವುದು ಸಹಜ. ದುಃಖದಲ್ಲಿ ಲ್ಯಾಪ್‌ಟಾಪ್ ತೆಗೆಯಲು ಯಾರಿಗೆ ಮನಸ್ಸು ಬರುತ್ತದೆ? ಅರ್ಜಿಯ ಕೆಲಸವನ್ನು ತಮ್ಮನಿಗೋ ಭಾವನಿಗೋ ಒಪ್ಪಿಸಿ, ಕಾಗದ ಸೇರಿಸಲು ಅವರು ಓಡಾಡಲಿ. ಮರಣ ಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇದ್ದರೆ ಹಾಗೇ ನಡೆಯುತ್ತದೆ. ಬರೀ ಕನ್ನಡದಲ್ಲಿರುವ ಯಾವ ಕಾಗದವನ್ನೂ ಅನುವಾದ ಇಲ್ಲದೆ ಹಾಕಬೇಡಿ. ಅನುವಾದದ ಜೊತೆಗೆ ಅನುವಾದ ಮಾಡಿದವರ ಅಫಿಡವಿಟ್ ಬೇಕು, ಮನೆಯವರೇ ಅನುವಾದ ಮಾಡಿದರೆ ಒಪ್ಪುವುದಿಲ್ಲ. ಕೋರ್ಟಿನ ಹತ್ತಿರ ನೋಟರಿಗಳು ಇರುತ್ತಾರೆ, ಬೆಳಿಗ್ಗೆ ಹೋದರೆ ಕೆಲಸ ಆಗುತ್ತದೆ.

ಅರ್ಜಿ ಆನ್‌ಲೈನ್ ಆದರೂ ಸ್ಟಿಕರ್ ಅಂಟಿಸಲು ಪಾಸ್‌ಪೋರ್ಟನ್ನೇ ಕೊಡಬೇಕು. ಅದಕ್ಕೆ ಬೆಂಗಳೂರಿನ ವಿಎಫ್‌ಎಸ್ ಕೇಂದ್ರ ಇದೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಬೆಳಗಿನ ರೈಲು ಹಿಡಿದರೆ ಕೆಲಸ ಮುಗಿಸಿ ರಾತ್ರಿ ಮನೆಗೆ ಬರಬಹುದು. ಪಾಸ್‌ಪೋರ್ಟ್ ಕೊಡಿ ಅಂತ ಇಮೇಲ್ ಬರುವ ಮುಂಚೆ ಹೋಗಬೇಡಿ, ಸುಮ್ನೆ ಓಡಾಟ. ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ಬದಲಾಗುತ್ತಲೇ ಇರುತ್ತದೆ. ಸರ್ಕಾರದ ವೆಬ್‌ಸೈಟಿನಲ್ಲಿ ಆ ವಾರದ ಅಂದಾಜು ನೋಡಿ. ತಾರೀಖು ಬದಲಾಯಿಸಬಹುದಾದ ರಿಟರ್ನ್ ಟಿಕೆಟ್‌ಗೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಮ್ಯಾನೇಜರ್‌ಗೆ ಮೊದಲೇ ವಿಷಯ ಹೇಳಿ, ಇಮೇಲಿನಲ್ಲಿ.

ಏಜೆಂಟರ ವಿಷಯ. ಬಸ್ ಸ್ಟ್ಯಾಂಡ್ ಹತ್ತಿರದ ಬೋರ್ಡ್ ನೋಡಿ ಹೋದರೆ ಕೆಲವರು "ವಿಸಿಟರ್ ವೀಸಾ ಹಾಕಿಬಿಡೋಣ, ಬೇಗ ಆಗುತ್ತೆ" ಅನ್ನುತ್ತಾರೆ. ಬೇಡವೇ ಬೇಡ. ಪಿಆರ್ ಆದವರಿಗೆ ವಿಸಿಟರ್ ವೀಸಾ ಇಲ್ಲ, ಅರ್ಜಿಯಲ್ಲಿ ಸುಳ್ಳು ಹೇಳಿದಂತಾಗುತ್ತದೆ. ದುಡ್ಡು ತೆಗೆದುಕೊಂಡು ನಿಮ್ಮ ಪರವಾಗಿ ಅರ್ಜಿ ಹಾಕಲು ಕೆನಡಾದ ಲೈಸೆನ್ಸ್ ಇರುವ ವಕೀಲರು, ಕನ್ಸಲ್ಟೆಂಟ್‌ಗಳಂಥವರಿಗೆ ಮಾತ್ರ ಹಕ್ಕಿದೆ. ಇಂಜಿನಿಯರಿಂಗ್ ಓದಿ, ಪಿಆರ್‌ಗೆ ಹಾಕುವ ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿಯನ್ನು ನೀವೇ ತುಂಬಿ ಬಂದವರು ನೀವು. ಇದು ಅದರ ಕಾಲು ಭಾಗವೂ ಇಲ್ಲ.

ಇನ್ನೊಂದು ದಾರಿ ಇದೆ, ಅಮೆರಿಕದ ವೀಸಾ ಈಗಾಗಲೇ ಇರುವವರಿಗೆ ಮಾತ್ರ. ಅಮೆರಿಕಕ್ಕೆ ಹಾರಿ, ಅಲ್ಲಿಂದ ಸ್ವಂತ ಅಥವಾ ಸ್ನೇಹಿತರ ಕಾರಿನಲ್ಲಿ ರಸ್ತೆ ಗಡಿ ದಾಟುವುದು. ಬಫಲೋ ಕಡೆಯಿಂದ ನಯಾಗರ, ಡೆಟ್ರಾಯಿಟ್‌ನಿಂದ ವಿಂಡ್ಸರ್, ಸಿಯಾಟಲ್‌ನಿಂದ ವ್ಯಾಂಕೂವರ್ ಕಡೆ. ಖಾಸಗಿ ಗಾಡಿಯಲ್ಲಿ ಬಂದರೆ ಪಾಸ್‌ಪೋರ್ಟ್ ಮತ್ತು ಸಿಒಪಿಆರ್ ತೋರಿಸಿ ಒಳಗೆ ಬರಬಹುದು. ಬಾಡಿಗೆ ಕಾರೂ ಆಗುತ್ತದೆ, ಗಡಿ ದಾಟಲು ಕಂಪನಿಯ ಒಪ್ಪಿಗೆ ಇರಬೇಕು. ಬಸ್ಸು, ರೈಲು ಆಗುವುದಿಲ್ಲ, ಅಲ್ಲೂ ವಿಮಾನದ ನಿಯಮವೇ. ಒಬ್ಬಂಟಿಯಾಗಿ, ಗಟ್ಟಿಮುಟ್ಟಾಗಿ ಇರುವವರಿಗೆ ಪರವಾಗಿಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ಜನವರಿಯ ಹಿಮದಲ್ಲಿ ಈ ದಾರಿ ನಾನು ಯಾರಿಗೂ ಹೇಳುವುದಿಲ್ಲ.

ವಿಮಾನ ಎಲ್ಲಿ ಬದಲಾಯಿಸುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಯುರೋಪಿನ ಕೆಲವು ಏರ್‌ಪೋರ್ಟುಗಳಲ್ಲಿ ಭಾರತದ ಪಾಸ್‌ಪೋರ್ಟಿನವರಿಗೆ ಟ್ರಾನ್ಸಿಟ್ ವೀಸಾ ಕೇಳುತ್ತಾರೆ, ಪಿಆರ್ ಕಾರ್ಡ್ ಇದ್ದವರಿಗೆ ವಿನಾಯಿತಿ ಸಿಗುತ್ತದೆ. ನಿಮ್ಮ ಹತ್ತಿರ ಇಲ್ಲದಿರುವುದು ಆ ಕಾರ್ಡೇ ಅಲ್ವಾ? ಅಮೆರಿಕದಲ್ಲಿ ಇಳಿದು ಹತ್ತುವುದಾದರೆ ವೀಸಾ ಬೇಕೇ ಬೇಕು. ದೆಹಲಿಯಿಂದ ನೇರ ವಿಮಾನ, ಇಲ್ಲವೇ ಒಂದೇ ಟಿಕೆಟಿನಲ್ಲಿ ದುಬೈ, ದೋಹಾ ಮೇಲೆ ಬರುವುದು ಸಲೀಸು.

ಮನೆಯಲ್ಲಿ ನಾಲ್ಕು ಜನ ಪಿಆರ್ ಆಗಿದ್ದರೆ ನಾಲ್ಕು ಪಿಆರ್‌ಟಿಡಿ, ನಾಲ್ಕು ಫೀಸು. ಕೂಸಿಗೂ ಬಿಡುವುದಿಲ್ಲ. ಇಲ್ಲೇ ಹುಟ್ಟಿದ ಮಗುವಿಗೆ ಕೆನಡಾ ಪಾಸ್‌ಪೋರ್ಟ್, ಊರಿಗೆ ಹೋಗಲು ಭಾರತದ ವೀಸಾ ಅಥವಾ ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್).

ಇನ್ನು ಈ ಪಾಡೇ ಬೇಡ ಅನ್ನುವವರು ಕಾರ್ಡ್ ಬೇಗ ಬರುವ ಹಾಗೆ ನೋಡಿಕೊಳ್ಳಬೇಕು. ಮೊದಲ ಕಾರ್ಡಿಗೆ ಬೇರೆ ಅರ್ಜಿ ಬೇಡ, ದುಡ್ಡೂ ಇಲ್ಲ. ಆದರೆ ಪಿಆರ್ ಆದ 180 ದಿನದೊಳಗೆ ಕೆನಡಾದ ವಿಳಾಸ ಮತ್ತು ಫೋಟೋ ಕೊಡಬೇಕು. ತಪ್ಪಿದರೆ ಹೊಸ ಅರ್ಜಿ, 50 ಡಾಲರ್, ಮತ್ತೆ ಕಾಯುವುದು. ಪೋರ್ಟಲಿಗೆ ಹಾಕುವ ಫೋಟೋಗೆ ಅವರದೇ ನಿಯಮ ಇದೆ, ಅದನ್ನು ಸ್ಟುಡಿಯೋದವರಿಗೆ ತೋರಿಸಿ ತೆಗೆಸಿ. ಪ್ರಿಂಟ್ ಕೇಳಿದರೆ ಪಿಆರ್ ಕಾರ್ಡಿನ ಫೋಟೋ 50 ಮಿಲಿಮೀಟರ್ ಅಗಲ, 70 ಎತ್ತರ. ದಾವಣಗೆರೆಯಲ್ಲಿ ಪಾಸ್‌ಪೋರ್ಟ್ ಸೈಜ್ ಅಂತ ತೆಗೆಸಿಕೊಂಡು ಬಂದದ್ದು ಆಗಲ್ಲ.

ವಿಳಾಸದಲ್ಲಿ ಜಾಸ್ತಿ ಜನ ತಪ್ಪುವುದು ಬೇಸ್‌ಮೆಂಟ್ ಬಾಡಿಗೆಯವರು. ಯೂನಿಟ್ ನಂಬರ್ ಬಿಟ್ಟಿರುತ್ತಾರೆ, ಅಂಚೆ ಡಬ್ಬಿಯ ಕೀಲಿ ಮನೆ ಓನರ್ ಹತ್ತಿರ ಇರುತ್ತದೆ. ಓನರ್‌ಗೆ ಮೊದಲೇ ಹೇಳಿಡಿ. ಮನೆ ಬದಲಾಯಿಸಿದರೆ ಅದೇ ದಿನ ಐಆರ್‌ಸಿಸಿಗೆ ತಿಳಿಸಿ. ಕಾರ್ಡನ್ನು ಭಾರತಕ್ಕೆ ಅವರು ಕಳಿಸುವುದಿಲ್ಲ, ಕೆನಡಾದ ವಿಳಾಸಕ್ಕೆ ಮಾತ್ರ. ಬಂದ ದಿನ ಹೆಸರು, ಹುಟ್ಟಿದ ತಾರೀಖು ಪಾಸ್‌ಪೋರ್ಟಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಆಮೇಲೆ ಮುಕ್ತಾಯದ ತಾರೀಖು ನೋಡಿ. ಸಾಮಾನ್ಯವಾಗಿ ಐದು ವರ್ಷ ಇರುತ್ತದೆ, ಕೆಲವರಿಗೆ ಒಂದೇ ವರ್ಷ ಕೊಡುತ್ತಾರೆ. ಆ ತಾರೀಖಿಗೆ ಆರೇಳು ತಿಂಗಳು ಮುಂಚೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಊರಲ್ಲಿದ್ದಾಗ ಕಾರ್ಡ್ ಅವಧಿ ಮುಗಿದರೂ, ಕಳೆದುಹೋದರೂ ಮತ್ತೆ ಇದೇ ಪಿಆರ್‌ಟಿಡಿ, ಇದೇ ಬೆಂಗಳೂರಿನ ಓಡಾಟ.